ಟುಲಿಪ್ ಹೊಲದ ಅಂಚಿನಲ್ಲೇ ನಿಂತು ನೋಡಿ

ಸಂಪಾದಕರಿಗೆ ನಮಸ್ಕಾರ.

ಬೇಸಿಗೆ ರಜೆ ಬಂತೆಂದರೆ ಮಗನ ಮನೆ, ಮಗಳ ಮನೆ ಎಂದು ನೆದರ್ಲೆಂಡ್ಸ್‌ಗೆ ಬರುವ ಕನ್ನಡಿಗರು ಈಗ ಬಹಳ ಮಂದಿ. ಪತ್ರಿಕೆಗಳ ಪ್ರವಾಸದ ಪುಟದಲ್ಲಿ ಕಂಡಂತೆ ಟುಲಿಪ್ ಹೂಗಳ ನಡುವೆ ನಿಂತು ಒಂದು ಫೋಟೊ ತೆಗೆಸಿಕೊಳ್ಳಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ದಯವಿಟ್ಟು ಸಾಲಿನೊಳಗೆ ಕಾಲಿಡಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ.

ಲಿಸ್ಸೆ, ಹಿಲ್ಲೆಗೊಮ್ ಸುತ್ತಲಿನ ಹೊಲಗಳಲ್ಲಿ ರೈತನ ಬೆಳೆ ಇರುವುದು ನೆಲದೊಳಗೆ. ಅದು ಗಡ್ಡೆ. ಅಕ್ಟೋಬರ್–ನವೆಂಬರ್‌ನಲ್ಲಿ ನೆಟ್ಟು ಜೂನ್–ಜುಲೈನಲ್ಲಿ ಕೀಳುತ್ತಾರೆ. ಹೂವನ್ನು ಅರಳಲು ಬಿಡುವುದೇ ತಪಾಸಣೆಗೆ. ಸಾಲು ಸಾಲಾಗಿ ನಡೆಯುತ್ತಾ ದಳಗಳನ್ನು ನೋಡುತ್ತಾರೆ. ಬೇರೆ ತಳಿ ಬೆರೆತಿದ್ದರೆ, ಇಲ್ಲವೇ ದಳದ ಮೇಲೆ ಬೆಂಕಿಯ ನಾಲಗೆಯಂಥ ಬಣ್ಣದ ಗೆರೆ ಎದ್ದಿದ್ದರೆ ಆ ಗಿಡವನ್ನು ಗಡ್ಡೆ ಸಮೇತ ಕಿತ್ತುಹಾಕುತ್ತಾರೆ. ಆ ಗೆರೆ ಗಿಡಹೇನು ಹರಡುವ ವೈರಸ್ಸಿನ ಗುರುತು. 1637ರಲ್ಲಿ ಟುಲಿಪ್ ಬೆಲೆ ಕುಸಿದುಬೀಳುವ ಮೊದಲು ಜನ ಹುಚ್ಚುಬೆಲೆ ಕೊಟ್ಟು ಕೊಳ್ಳುತ್ತಿದ್ದುದು ಇಂಥ ಗೆರೆಯ ಹೂಗಳನ್ನೇ! ತಪಾಸಣೆ ಮುಗಿದ ಮೇಲೆ ಯಂತ್ರ ಬಂದು ಹೂಗಳನ್ನೆಲ್ಲ ಕತ್ತರಿಸಿಬಿಡುತ್ತದೆ. ಬಿಟ್ಟರೆ ಗಿಡದ ಸತ್ವ ಬೀಜಕ್ಕೆ ಹೋಗಿ ಗಡ್ಡೆ ಸೊರಗುತ್ತದೆ. ನಿನ್ನೆ ಕೆಂಪಗಿದ್ದ ಹೊಲ ಇವತ್ತು ಬರೀ ಹಸಿರು ಕಂಡರೆ ಕಾರಣ ಇದು.

ಸಾಲಿಗೆ ಇಳಿದರೆ ಆಗುವ ನಷ್ಟ ಎರಡು ಬಗೆಯದು. ಟುಲಿಪ್ ಗಿಡಕ್ಕೆ ಇರುವುದು ಬೆರಳೆಣಿಕೆಯ ಎಲೆ, ಮುರಿದರೆ ಆ ವರ್ಷ ಮತ್ತೆ ಚಿಗುರುವುದಿಲ್ಲ, ಗಡ್ಡೆ ಸಣ್ಣದಾಗಿಯೇ ಉಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಬೂಟಿಗೆ ಅಂಟಿದ ಮಣ್ಣು. ಕಣ್ಣಿಗೆ ಕಾಣದ ಮಣ್ಣಿನ ಜಂತುಹುಳು (ನೆಮಟೋಡ್), ಶಿಲೀಂಧ್ರ ರೋಗಗಳು ಅದರ ಜೊತೆ ಒಂದು ಹೊಲದಿಂದ ಇನ್ನೊಂದಕ್ಕೆ ದಾಟುತ್ತವೆ. ಗುಂಡ್ಲುಪೇಟೆ ರಸ್ತೆಯಲ್ಲಿ ಕಾರು ನಿಲ್ಲಿಸಿ ಸೂರ್ಯಕಾಂತಿ ಹೊಲಕ್ಕೆ ನುಗ್ಗುವವರಿಂದ ನಮ್ಮ ರೈತರು ಪಡುವ ಪಾಡೇ ಇಲ್ಲಿಯ ರೈತರದ್ದೂ. ಹೂವಿನ ನಡುವೆಯೇ ಫೋಟೊ ಬೇಕೆಂದರೆ ‘ಪ್ಲುಕ್‌ಟೌನ್’ ಎಂಬ ತೋಟಗಳಿವೆ. ಹಣ ಕೊಟ್ಟು ಒಳಗೆ ಹೋಗಿ, ಕೈಯಾರೆ ಹೂ ಕಿತ್ತು ತರಬಹುದು.

ಡ್ಯಾಫೊಡಿಲ್ ಮಾರ್ಚ್ ಕೊನೆಗೆ, ಹಯಸಿಂತ್ ಅದರ ಬೆನ್ನಿಗೆ, ಟುಲಿಪ್ ಹೊಲ ಸಾಮಾನ್ಯವಾಗಿ ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದವರೆಗೆ. ಚಳಿ ಹೆಚ್ಚಾದರೆ ಮುಂದಕ್ಕೆ ಹೋಗುತ್ತದೆ. ಕ್ಯೂಕೆನ್‌ಹಾಫ್ ಉದ್ಯಾನ ಮಾತ್ರ ಮಾರ್ಚ್ ಮೂರನೇ ವಾರದಿಂದ ಸುಮಾರು ಎಂಟು ವಾರ ಹೂವಿನಿಂದ ತುಂಬಿರುತ್ತದೆ. ಅಲ್ಲಿ ಶರತ್ಕಾಲದಲ್ಲಿ ಸುಮಾರು 70 ಲಕ್ಷ ಗಡ್ಡೆ ನೆಡುತ್ತಾರೆ. ತಡವಾಗಿ ಅರಳುವುದು ಆಳದಲ್ಲಿ, ಬೇಗ ಅರಳುವುದು ಮೇಲೆ, ಹೀಗೆ ಒಂದರ ಮೇಲೊಂದು ಪದರ. ಒಂದು ಬಾಡುವ ಹೊತ್ತಿಗೆ ಇನ್ನೊಂದು ಮೇಲೇಳುತ್ತದೆ. ಟಿಕೆಟ್ ಮಾತ್ರ ದಿನ, ಗಂಟೆ ಗೊತ್ತುಮಾಡಿಕೊಂಡು ಮೊದಲೇ ತೆಗೆಯಿರಿ.

ಏಪ್ರಿಲ್‌ನ ಒಂದು ಶನಿವಾರ ನೋರ್ಡ್‌ವೈಕ್‌ನಿಂದ ಹಾರ್ಲೆಮ್‌ವರೆಗೆ ಹೂವಿನ ರಥಗಳ ಮೆರವಣಿಗೆ ಸಾಗುತ್ತದೆ, ಸುಮಾರು 40 ಕಿ.ಮೀ. ರಥಗಳಿಗೆ ಹೆಚ್ಚಾಗಿ ಹಯಸಿಂತ್. ಗೊಂಚಲಿನ ಒಂದೊಂದೇ ಹೂ ಬಿಡಿಸಿ ಸೂಜಿಯಿಂದ ಚುಚ್ಚುವ ಕೆಲಸವನ್ನು ಊರವರೇ ಹಿಂದಿನ ದಿನಗಳಲ್ಲಿ ಶೆಡ್ಡಿನಲ್ಲಿ ಕೂತು ಮಾಡುತ್ತಾರೆ. ಆಗ ಆ ಶೆಡ್ಡಿನಲ್ಲಿರುವ ಘಮ ಮೆರವಣಿಗೆಯ ಬೀದಿಯಲ್ಲೂ ಸಿಗದು. ಏಪ್ರಿಲ್ 27 ರಾಜನ ಹುಟ್ಟುಹಬ್ಬ. ಅದು ಭಾನುವಾರ ಬಿದ್ದರೆ 26ಕ್ಕೇ ಆಚರಣೆ. ಕಿತ್ತಳೆ ಬಣ್ಣದ ಬಟ್ಟೆ ಹಾಕಿ, ಚಿಲ್ಲರೆ ಇಟ್ಟುಕೊಳ್ಳಿ: ಮಕ್ಕಳು ಹಳೆಯ ಆಟಿಕೆಗಳನ್ನು ಬೀದಿಬದಿ ಹರಡಿ ಮಾರುತ್ತಾರೆ. ಮೇ 4ರ ರಾತ್ರಿ 8 ಗಂಟೆಗೆ ಯುದ್ಧದಲ್ಲಿ ಮಡಿದವರಿಗಾಗಿ ಎರಡು ನಿಮಿಷ ಮೌನ. ಎಲ್ಲಿದ್ದೀರೋ ಅಲ್ಲೇ ನಿಲ್ಲಿ, ಫೋನ್ ಕೆಳಗಿಡಿ.

ಊರಿಗೆ ಗಡ್ಡೆ ತರುವ ಆಸೆಯ ಬಗ್ಗೆಯೂ ಹೇಳಬೇಕು. ಹೊಸ ಗಡ್ಡೆ ಅಂಗಡಿಗೆ ಬರುವುದು ಸೆಪ್ಟೆಂಬರ್ ಹೊತ್ತಿಗೆ. ಏಪ್ರಿಲ್‌ನಲ್ಲಿ ಪ್ರವಾಸಿಗರಿಗೆ ಮಾರುವವು ಹಿಂದಿನ ವರ್ಷದ ಉಳಿಕೆ. ಕೈಯಲ್ಲಿ ಹಿಡಿದರೆ ಹಗುರ, ಒತ್ತಿದರೆ ಮೆತ್ತಗೆ. ಭಾರತಕ್ಕೆ ಒಯ್ಯಲು ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಅಡಗಿಸಿ ಒಯ್ಯಬೇಡಿ, ಇಲ್ಲಿಯ ರೋಗ ಅಲ್ಲಿಯ ಮಣ್ಣಿಗೆ ಇಳಿದೀತು. ಸರಿಯಾದ ದಾರಿಯಲ್ಲಿ ಬಂದ ಗಡ್ಡೆಯೂ ಬೆಂಗಳೂರಿನಲ್ಲಿ ಹಾಗೇ ನೆಟ್ಟರೆ ಹೂ ಬಿಡುವುದಿಲ್ಲ. ಅದಕ್ಕೆ ಬೇಕಾದ ಚಳಿ ಅಲ್ಲಿಲ್ಲ. ಕಾಗದದ ಚೀಲದಲ್ಲಿ ಹಾಕಿ 12ರಿಂದ 14 ವಾರ ಫ್ರಿಜ್‌ನ ತರಕಾರಿ ಡಬ್ಬದಲ್ಲಿಟ್ಟು, ಡಿಸೆಂಬರ್ ಕೊನೆಗೆ ಕುಂಡಕ್ಕೆ ಹಾಕಬೇಕು. ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇಡಲೇಬಾರದು. ಹಣ್ಣು ಬಿಡುವ ಎಥಿಲೀನ್ ಅನಿಲದಿಂದ ಮೊಗ್ಗು ಗಡ್ಡೆಯೊಳಗೇ ಸತ್ತು, ಬರೀ ಎಲೆ ಬರುತ್ತದೆ.

– ನೆದರ್ಲೆಂಡ್ಸ್‌ನಲ್ಲಿ ನೆಲೆಸಿರುವ ಕನ್ನಡಿಗರು, ಲೈಡನ್