ಜನರೇಟರ್ ಹಿಂದಿನ ಡೀಸೆಲ್ ಮಣ್ಣು: ಭಾನುವಾರ ಬೆಳಿಗ್ಗೆ 7.30ಕ್ಕೆ ಬನ್ನಿ

ಎಲ್ಲರಿಗೂ ನಮಸ್ಕಾರ.

ಜನರೇಟರ್ ಕೋಣೆಯ ಹಿಂದೆ ಡೀಸೆಲ್ ಸೋರಿ ಕರಿಬೇವಿನ ಗಿಡದ ಸುತ್ತ ಮಣ್ಣು ಕಪ್ಪಾಗಿರುವುದನ್ನು ನೋಡಿದ್ದೀರಿ. ಪೈಪನ್ನು ನಿನ್ನೆ ಬದಲಿಸಲಾಗಿದೆ. ಮಣ್ಣಿನ ಕೆಲಸ ಈ ಭಾನುವಾರ.

ಸೋಪಿನ ನೀರು ಹಾಕಿ ತೊಳೆಯೋಣ ಎಂದವರಿದ್ದಾರೆ. ದಯವಿಟ್ಟು ಬೇಡ, ಎಣ್ಣೆ ಚರಂಡಿಗೋ ಕೊಳವೆಬಾವಿಯ ಕಡೆಗೋ ಇಳಿಯುತ್ತದೆ, ಅಷ್ಟೆ. ಡೀಸೆಲ್ ತಿನ್ನುವ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಮಣ್ಣಿನಲ್ಲೇ ಇರುತ್ತವೆ. ಇಂಗಾಲ ಅವುಗಳಿಗೆ ಡೀಸೆಲ್‌ನಲ್ಲೇ ಸಿಗುತ್ತದೆ; ಸಾರಜನಕ, ರಂಜಕ, ಗಾಳಿ, ತೇವವನ್ನು ನಾವು ಒದಗಿಸಬೇಕು. 1989ರಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನ ಕಚ್ಚಾತೈಲ ಅಲಾಸ್ಕಾದ ದಡಕ್ಕೆ ಹರಡಿದಾಗ ಅಲ್ಲಿನ ಕಲ್ಲುಗಳ ಮೇಲೆ ಗೊಬ್ಬರ ಹಾಕಿದ್ದೂ ಇದೇ ಕಾರಣಕ್ಕೆ. ಹಾಗಾಗಿ ಬ್ಯಾಕ್ಟೀರಿಯಾ ಪುಡಿಯ ಪೊಟ್ಟಣಕ್ಕೆ ಈಗಲೇ ದುಡ್ಡು ಸುರಿಯುವುದು ಬೇಡ.

ತೊಯ್ದ ಮಣ್ಣನ್ನು ಅಗೆದು ದಪ್ಪ ಟಾರ್ಪಾಲಿನ ಮೇಲೆ ತೆಳ್ಳಗೆ ಹರಡುತ್ತೇವೆ. ಕಳಿತ ಸಗಣಿ ಗೊಬ್ಬರ, ಒಣ ಎಲೆ ಬೆರೆಸಿ ನೀರು ಚಿಮುಕಿಸುತ್ತೇವೆ: ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಮುಂದೆ ವಾರಕ್ಕೊಮ್ಮೆ ಮಗುಚಬೇಕು, ಮಳೆ ಬಂದರೆ ಮುಚ್ಚಬೇಕು. ವಾಸನೆ ಹೋಯಿತೆಂದು ಕೈಬಿಡುವಂತಿಲ್ಲ; ಹಗುರ ಅಂಶ ಆವಿಯಾದರೂ ವಾಸನೆ ಇಳಿಯುತ್ತದೆ. ಇದು ತಿಂಗಳುಗಳ ಕೆಲಸ. ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಮಣ್ಣು ತೋಟಕ್ಕೆ ಮರಳುತ್ತದೆ.

ಅತ್ತ ಮಕ್ಕಳನ್ನೂ ನಾಯಿಗಳನ್ನೂ ಬಿಡಬೇಡಿ. ಸಿಗರೇಟು ಹಚ್ಚಬೇಡಿ. ಸಾರಿಗೆಂದು ಆ ಗಿಡದ ಕರಿಬೇವನ್ನೂ ಕೀಳಬೇಡಿ.

ಸಲಿಕೆ, ರಬ್ಬರ್ ಕೈಗವಸು ತರುವವರು ಶನಿವಾರ ಸಂಜೆಯೊಳಗೆ ಮನೆ ಸಂಖ್ಯೆ ಬರೆಯಿರಿ. ಮಗುಚುವ ಪಾಳಿಗೆ ಆರು ಜನ ಬೇಕು. ಈವರೆಗೆ ಇಬ್ಬರಿದ್ದೇವೆ, ಅದರಲ್ಲಿ ಒಬ್ಬ ನಾನೇ.