ಆ ಇಂಜೆಕ್ಷನ್‌ಗೆ ದುಡ್ಡು ಕಟ್ಟುವ ಮುಂಚೆ

ಕಲಬುರಗಿ

ಪ್ರೀತಿಯ ಶರಣು,

ನಿನಗೆ ಭಗಂದರ ಆಗಿರುವುದನ್ನು ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಅತ್ತೆಗೆ ಹೇಳಲು ನಾಚಿಕೆಯಂತೆ! ಸರ್ಜರಿ ವಾರ್ಡಿನ ನರ್ಸಮ್ಮನಿಗೆ ಇದೇನು ಹೊಸದಾ? ಮೂಲವ್ಯಾಧಿ ಅಂದುಕೊಂಡು ಸುಮ್ನೆ ಮುಲಾಮು ಹಚ್ಚಿದೆ. ಇದು ಬೇರೆ. ಗುದದ ಒಳಗಿನ ಸಣ್ಣ ಗ್ರಂಥಿಯಲ್ಲಿ ಕೀವಾಗಿ, ಅದು ಹೊರಗಿನ ಚರ್ಮದ ತನಕ ದಾರಿ ಕೊರೆಯುತ್ತದೆ. ಮುಲಾಮಿಗೆ ಅದು ಮುಚ್ಚುವುದಿಲ್ಲ.

ಈಗ ತೊಗರಿ ಮಾರಿದ ದುಡ್ಡೆಲ್ಲ ಸುರಿದು ಸ್ಟೆಮ್ ಸೆಲ್, ಅಂದರೆ ಗಾಯ ಮಾಯಿಸುತ್ತವೆ ಎನ್ನುವ ಜೀವಕೋಶಗಳ ಇಂಜೆಕ್ಷನ್ ಹಾಕಿಸಿಕೊಳ್ಳುತ್ತೀಯಂತೆ. ಆ ಚಿಕಿತ್ಸೆ ಪೂರ್ತಿ ಸುಳ್ಳಲ್ಲ. ಯುರೋಪಿನಲ್ಲಿ 2018ರಲ್ಲಿ ಅಲೋಫಿಸೆಲ್ ಎಂಬ ಸ್ಟೆಮ್ ಸೆಲ್ ಔಷಧಿಗೆ ಒಪ್ಪಿಗೆ ಸಿಕ್ಕಿತ್ತು. ದಾನಿಗಳ ಕೊಬ್ಬಿನಿಂದ ತೆಗೆದು ಬೆಳೆಸಿದ ಜೀವಕೋಶಗಳು, ಒಂದು ಸಲಕ್ಕೆ 12 ಕೋಟಿ ಕೋಶ. ಆದರೆ ಬರೀ ಇಂಜೆಕ್ಷನ್ ಅಲ್ಲ. ಮೊದಲು ಆ ದಾರಿಯನ್ನು ಕೆರೆದು ಸ್ವಚ್ಛ ಮಾಡಿ, ಒಳಬಾಯಿಗೆ ಹೊಲಿಗೆ ಹಾಕುತ್ತಾರೆ. ಆಮೇಲೆ ಕೋಶಗಳು. ಅದೂ ಕ್ರೋನ್ಸ್ ಎಂಬ ಕರುಳಿನ ಕಾಯಿಲೆ ಇದ್ದವರಿಗೆ.

ಮೊದಲ ದೊಡ್ಡ ಪ್ರಯೋಗದಲ್ಲಿ 24 ವಾರಕ್ಕೆ ಸುಮಾರು ಅರ್ಧ ಜನರಿಗೆ ವಾಸಿಯಾಯಿತು. ಕೋಶ ಇಲ್ಲದ ಬರೀ ಉಪ್ಪುನೀರು ಕೊಟ್ಟವರಲ್ಲೂ ಮೂವರಲ್ಲಿ ಒಬ್ಬರಿಗೆ ವಾಸಿಯಾಗಿತ್ತು. ಅವರಿಗೂ ಕೆರೆದು ಹೊಲಿದಿದ್ದರು, ಅಲ್ವಾ? ಎರಡನೇ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. 2024ರ ಕೊನೆಗೆ ಯುರೋಪಿನ ಮಾರುಕಟ್ಟೆಯಿಂದ ಕಂಪನಿಯೇ ಅದನ್ನು ವಾಪಸ್ ತೆಗೆದುಕೊಂಡಿತು.

ನೀನು ಮೊದಲು ಎಂಆರ್‌ಐ ಮಾಡಿಸು. ದಾರಿ ಎಲ್ಲೆಲ್ಲಿ ಕವಲೊಡೆದಿದೆ, ಮಲ ತಡೆಯುವ ಸ್ನಾಯುವನ್ನು ಎಷ್ಟು ಹಾಯ್ದಿದೆ ಅಂತ ಗೊತ್ತಾಗಲಿ. ಮೇಲ್ಮೇಲೆ ಇದ್ದರೆ ಸೀಳಿಬಿಟ್ಟರೆ ಸಾಕು. ಆಳವಾಗಿದ್ದರೆ ಹಾಗೆ ಸೀಳಬಾರದು, ಮಲ ಹಿಡಿತ ತಪ್ಪುವ ಭಯ. ಆಗ ಆ ದಾರಿಯೊಳಗೆ ಸೀಟನ್ ಎಂಬ ದಾರ ಹಾಕಿ ಕೀವು ಇಳಿಸುತ್ತಾರೆ, ಆಮೇಲೆ ಸ್ನಾಯು ಕತ್ತರಿಸದೆ ದಾರಿಯನ್ನು ಕಟ್ಟಿ ಮುಚ್ಚುವ ಲಿಫ್ಟ್‌ನಂಥ ಆಪರೇಷನ್. ಆಯುರ್ವೇದದ ಕ್ಷಾರಸೂತ್ರವನ್ನೂ, ಅಂದರೆ ಕ್ಷಾರ ಲೇಪಿಸಿದ ದಾರವನ್ನೂ, ನಾನು ಹೀಗಳೆಯುವುದಿಲ್ಲ. 1991ರಲ್ಲಿ ಪ್ರಕಟವಾದ ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಯೋಗದಲ್ಲಿ ಅದು ವಾಸಿಯಾಗಲು ಜಾಸ್ತಿ ದಿನ ಹಿಡಿದರೂ, ಮರುಕಳಿಸಿದ್ದು ಆಪರೇಷನ್ನಿಗಿಂತ ಕಮ್ಮಿ. ಕಲಿತ ಆಯುರ್ವೇದ ಸರ್ಜನ್ ಹತ್ತಿರವೇ ಹೋಗಬೇಕು. ಬಸ್‌ಸ್ಟ್ಯಾಂಡ್ ಗೋಡೆಯ ಪೋಸ್ಟರ್ ನಂಬಬೇಡ.

ಭೇದಿ, ಹೊಟ್ಟೆನೋವು, ತೂಕ ಇಳಿಯುವುದು ಇದ್ದರೆ ಮುಚ್ಚಿಡಬೇಡ. ಕ್ರೋನ್ಸ್, ಟಿಬಿ ಎರಡನ್ನೂ ನೋಡಬೇಕಾಗುತ್ತದೆ.

ಸ್ಟೆಮ್ ಸೆಲ್ ಅಂದವರನ್ನು ಕೇಳು: ಇದು ಸಿಟಿಆರ್‌ಐ, ಅಂದರೆ ದೇಶದ ಚಿಕಿತ್ಸಾ ಪ್ರಯೋಗಗಳ ಪಟ್ಟಿಯಲ್ಲಿ ನೋಂದಾಯಿಸಿದ ಪ್ರಯೋಗವಾ? ಹೌದಾದರೆ, ಐಸಿಎಂಆರ್ ಮಾರ್ಗಸೂಚಿ ಪ್ರಕಾರ ನಿನ್ನಿಂದ ದುಡ್ಡು ಕೇಳುವಂತಿಲ್ಲ. ಅಲ್ಲವಾದರೆ ಯಾವ ಒಪ್ಪಿಗೆ ಇದೆ, ಕಾಗದ ತೋರಿಸಲಿ.

ಇಲ್ಲಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ ಸರ್ಜರಿ ಒಪಿಡಿಗೆ ಬಾ, ನಾನೂ ಜೊತೆಗೆ ಬರುತ್ತೇನೆ. ಆಧಾರ್, ರೇಷನ್ ಕಾರ್ಡ್ ಮರೆಯಬೇಡ. ನಡುವೆ ಜ್ವರ ಬಂದು ಊತ ಜಾಸ್ತಿಯಾದರೆ ಒಪಿಡಿ ದಿನ ಕಾಯಬೇಡ. ರಾತ್ರಿಯಾದರೂ ಸರಿ, ಸೀದಾ ಎಮರ್ಜೆನ್ಸಿಗೆ ಬಂದು ಫೋನ್ ಮಾಡು.

ನಿನ್ನ ಅತ್ತೆ