ಅಮೆರಿಕದ ಪಕ್ಷಗಳೂ ಇಸ್ಲಾಮೂ

ಮಾನ್ಯ ಸಂಪಾದಕರೇ,

ಅಮೆರಿಕದ ಮುಸ್ಲಿಮರ ಮಾತು ಬಂದರೆ ಕೋಡಿಬಾಗದ ನಮ್ಮ ಚಹಾದಂಗಡಿಯಲ್ಲೂ ಎರಡು ಬಣಗಳಾಗುತ್ತವೆ; ರಿಪಬ್ಲಿಕನ್ನರು ಇಸ್ಲಾಮಿನ ವಿರೋಧಿಗಳು, ಡೆಮಾಕ್ರಟರು ಸಹಿಷ್ಣುಗಳು ಎಂಬ ಲೆಕ್ಕವನ್ನು ಮಾತ್ರ ಇಬ್ಬರೂ ಒಪ್ಪಿಕೊಂಡೇ ಜಗಳಕ್ಕಿಳಿಯುತ್ತಾರೆ. ಆದರೆ 2001ರ ಸೆಪ್ಟೆಂಬರ್ 11ರ ದಾಳಿ ನಡೆದ ಆರೇ ದಿನಗಳಲ್ಲಿ ವಾಷಿಂಗ್ಟನ್ನಿನ ಇಸ್ಲಾಮಿಕ್ ಕೇಂದ್ರಕ್ಕೆ ಹೋಗಿ, ಭಯೋತ್ಪಾದನೆ ಆ ಧರ್ಮದ ನಿಜ ಮುಖವಲ್ಲ ಎಂದವರು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್. ಅದೇ ಪಕ್ಷದ ಡೊನಾಲ್ಡ್ ಟ್ರಂಪ್ 2015ರ ಡಿಸೆಂಬರಿನಲ್ಲಿ ಮುಸ್ಲಿಮರ ಪ್ರವೇಶವನ್ನೇ ನಿಲ್ಲಿಸಬೇಕೆಂದರು. 2017ರ ಜನವರಿಯಲ್ಲಿ ಮುಸ್ಲಿಮರೇ ಹೆಚ್ಚಿರುವ ಏಳು ದೇಶಗಳ ಪ್ರಜೆಗಳನ್ನು ತಡೆದ ಅವರ ಆದೇಶ ನ್ಯಾಯಾಲಯಗಳಲ್ಲಿ ಮುಗ್ಗರಿಸಿ, ಎರಡು ಬಾರಿ ರೂಪ ಬದಲಿಸಿ, 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5–4ರ ತೀರ್ಪಿನಿಂದ ಉಳಿದುಕೊಂಡಿತು. 2021ರಲ್ಲಿ ಡೆಮಾಕ್ರಟ್ ಅಧ್ಯಕ್ಷ ಜೋ ಬೈಡನ್ ಅದನ್ನು ರದ್ದುಪಡಿಸಿದರು.

ಹಾಗೆಂದು ಮುಸ್ಲಿಂ ಮತದಾರರು ಡೆಮಾಕ್ರಟರ ಸ್ವತ್ತಾಗಲಿಲ್ಲ. ಅರಬ್ ಮೂಲದವರೇ ಹೆಚ್ಚಿರುವ ಮಿಷಿಗನ್ನಿನ ಡಿಯರ್‌ಬಾರ್ನ್ ನಗರದಲ್ಲಿ, ಗಾಜಾ ಯುದ್ಧದಲ್ಲಿ ಬೈಡನ್ ಸರ್ಕಾರ ಇಸ್ರೇಲಿನ ಪರ ನಿಂತ ಸಿಟ್ಟಿನಿಂದಾಗಿ, 2024ರಲ್ಲಿ ಅತಿ ಹೆಚ್ಚು ಮತ ಪಡೆದವರು ಟ್ರಂಪ್. ಚಹಾದಂಗಡಿಯಲ್ಲಿ ಇದನ್ನು ಹೇಳಿದಾಗ ಎರಡೂ ಬಣದವರು ನನ್ನನ್ನೇ ಅನುಮಾನದಿಂದ ನೋಡಿದರು.

2007ರಲ್ಲಿ ಅಮೆರಿಕ ಸಂಸತ್ತಿನ ಮೊದಲ ಮುಸ್ಲಿಂ ಸದಸ್ಯ ಕೀತ್ ಎಲಿಸನ್, ಆ ದೇಶದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ನರ ಸಂಗ್ರಹದ ಕುರಾನಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದ್ದರು. ಅದನ್ನು ವಿರೋಧಿಸಿದವರೂ ಇದ್ದರು. ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಕೂಡದೆಂದು ಆ ದೇಶದ ಸಂವಿಧಾನದ ಆರನೆಯ ವಿಧಿಯಲ್ಲೇ ಇದೆ. ವಿದೇಶಿ ಸುದ್ದಿಯೊಂದಿಗೆ ಇಂಥ ಹಿನ್ನೆಲೆಯನ್ನೂ ತಮ್ಮ ಪತ್ರಿಕೆ ನಾಲ್ಕು ಸಾಲು ಕೊಡಬೇಕೆಂದು ವಿನಂತಿ.

— ನಿವೃತ್ತ ಶಿಕ್ಷಕ, ಕಾರವಾರ